ಒಂದು ವರ್ಷದ ಚಂದಾ

ಮಾರ್ಚ್ ೮, ಶನಿವಾರ
ಅಂಗಡಿಯಿಂದ

ಪ್ರೀತಿಯ ಬೆಂಕಿಪೊಟ್ಟಣಕ್ಕೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಸೋಮಾರಿತನ ಕಾರಣ ಎಂದು ನಿನ್ನಮ್ಮ ಹೇಳಿದರೆ ನಂಬಬೇಡ. ಅವಳು ನನ್ನ ಅಕ್ಕ; ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನ ಮೇಲೆ ಚಾಡಿ ಹೇಳುವುದೇ ಅವಳ ಕಸುಬು. ನಿಜವಾದ ಕಾರಣ ಏನೆಂದರೆ, ತರಕಾರಿ ಮಾರುಕಟ್ಟೆಯ ತಕ್ಕಡಿಗಳಿಗೆಲ್ಲ ಈ ತಿಂಗಳು ಸರ್ಕಾರದ ಮುದ್ರೆ ಬೀಳಬೇಕು. ಅದಕ್ಕೂ ಮೊದಲು ಅವೆಲ್ಲ ನನ್ನ ಕೈ ದಾಟಿ ಹೋಗಬೇಕು. ಈ ಪೇಟೆಯಲ್ಲಿ ನನ್ನ ಸ್ಕ್ರೂಡ್ರೈವರಿನ ರುಚಿ ನೋಡದ ತಕ್ಕಡಿ ಒಂದಿದ್ದರೆ ತೋರಿಸು, ಮೀಸೆ ಬೋಳಿಸಿಕೊಳ್ಳುತ್ತೇನೆ. ಇನ್‌ಸ್ಪೆಕ್ಟರ್ ಸಾಹೇಬರು ಮೊನ್ನೆ ಎಲ್ಲರೆದುರಿಗೇ, "ನೀನು ನೋಡಿದೀಯ ಅಂದ್ಮೇಲೆ ನಾನೇನಯ್ಯ ನೋಡೋದು" ಅಂದರು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತುಹೋದವನಿಗೆ ಇದಕ್ಕಿಂತ ದೊಡ್ಡ ಡಿಗ್ರಿ ಬೇಕೇ, ನೀನೇ ಹೇಳು.

ಫೋನು ಮಾಡಬಹುದಲ್ಲ ಮಾವ, ಈ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳುತ್ತೀಯ. ನಮ್ಮ ಮನೆಯಲ್ಲಿರುವುದು ಎರಡು ಕೋಣೆ, ಒಂದು ಫೋನು. ಫೋನು ನಿನ್ನ ಅತ್ತೆಯ ಕೈಯಲ್ಲಿರುತ್ತದೆ, ಅತ್ತೆಯ ಕಿವಿ ಎರಡೂ ಕೋಣೆಯಲ್ಲಿರುತ್ತದೆ. ಅವಳ ವಿಷಯವನ್ನು ಅವಳ ಫೋನಿನಲ್ಲೇ ಮಾತಾಡುವಷ್ಟು ಧೈರ್ಯ ನನಗಿಲ್ಲ.

ಇನ್ನು ನೀನು ಕೇಳಿದ ಪ್ರಶ್ನೆ. ಅತ್ತೆ ಸೊರಗಿದ್ದಾಳೆ, ಅವಳಿಗೆ ಶಕ್ತಿ ಬರುವ ಪುಡಿ, ಕಬ್ಬಿಣಾಂಶದ ಮಾತ್ರೆ, ವಿಟಮಿನ್ ಮಾತ್ರೆ ಎಲ್ಲ ಕೊಡಿಸಬೇಕು. ತಿಂಗಳು ತಿಂಗಳೂ ಮನೆಗೇ ಬರುವ ಹಾಗೆ ಕಂಪನಿಗೆ ವರ್ಷದ ಚಂದಾ ಕಟ್ಟುವುದು ಒಳ್ಳೆಯದೋ, ಬೇಕಾದಾಗ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವುದು ಒಳ್ಳೆಯದೋ ಎಂದು ಕೇಳಿದ್ದೀಯ. ಕೇಳಬೇಕಾದವರನ್ನೇ ಕೇಳಿದ್ದೀಯ. ನಿನ್ನ ಮಾವ ಆ ಕ್ಷಣವೇ ಔಷಧಿ ಅಂಗಡಿಗೆ ಹೋಗಿ ಐದು ಬಗೆಯ ಡಬ್ಬಿಗಳನ್ನು ಕೈಯಲ್ಲಿ ತೂಗಿ ನೋಡಿದ. ಅರ್ಧ ಡಬ್ಬಿ ಪುಡಿ, ಅರ್ಧ ಡಬ್ಬಿ ಗಾಳಿ. ಗಾಳಿಗೂ ಸೇರಿಸಿ ಬೆಲೆ ಹಾಕಿದ್ದೀರಲ್ಲ ಎಂದರೆ ಅಂಗಡಿಯವನು, "ಮಾವ, ಆ ಗಾಳೀಲೂ ವಿಟಮಿನ್ ಇದೆ, ಮುಚ್ಚಳ ತೆಗೆದ ತಕ್ಷಣ ಮೂಸಿಬಿಡಿ" ಎಂದ. ಊರಿನವರೆಲ್ಲ ನನ್ನಿಂದಲೇ ಮಾತು ಕಲಿತು ನನಗೇ ತಿರುಗಿಸುತ್ತಾರೆ.

ನನ್ನ ತೀರ್ಪು ಬಿಡಿ ಡಬ್ಬಿಯ ಕಡೆಗೆ. ಬಿಡಿಯಾಗಿ ಕೊಂಡರೆ ಒಗ್ಗದಿದ್ದಾಗ ನಿಲ್ಲಿಸಬಹುದು. ಚಾಕೊಲೇಟಿನ ರುಚಿ ಬೇಡವಾದರೆ ಬಾಳೆಹಣ್ಣಿನ ರುಚಿ ತರಬಹುದು. ಚಂದಾ ಎನ್ನುವುದು ಹಾಗಲ್ಲ. ಕರೆಯದೆ ಬಂದ ನೆಂಟನ ಹಾಗೆ, ಹಿಂದಿನ ಡಬ್ಬಿ ಮುಗಿದಿರಲಿ ಬಿಡಲಿ, ಮುಂದಿನದು ಬಾಗಿಲಲ್ಲಿ ನಿಂತಿರುತ್ತದೆ. ಬೇಡ ಎನ್ನುವುದಕ್ಕೆ ಫೋನಿನಲ್ಲಿ ಒಂದು ಒತ್ತು, ಎರಡು ಒತ್ತು, ಆಮೇಲೆ ಯಾವುದೋ ಹುಡುಗಿಯ ದನಿ, ಅದು ನಮ್ಮನ್ನು ಕಾಯಿಸಿ ಹಾಡು ಕೇಳಿಸುತ್ತದೆ.

ನಿನ್ನ ಅತ್ತೆಯದು ಎದುರು ಪಕ್ಷ. ಅವಳು ಬೈಂಡಿಂಗ್ ಕೆಲಸ ಮಾಡುವ ಪ್ರೆಸ್ಸಿನಲ್ಲಿ ಒಂದು ಮಾಸಪತ್ರಿಕೆಯನ್ನೂ ಹೊಲಿಯುತ್ತಾರಲ್ಲ, ಆ ಅನುಭವದಿಂದ ಹೇಳುತ್ತಾಳೆ: "ಅಂಗಡೀಲಿ ಕೊಂಡ ಪತ್ರಿಕೆ ಚಿತ್ರ ನೋಡಿ ಬಿಸಾಕ್ತಾರೆ. ಚಂದಾ ಕಟ್ಟಿದೋರು ಪೂರ್ತಿ ಓದ್ತಾರೆ. ಮನೆ ಬಾಗಿಲಿಗೆ ಬಂದ ಡಬ್ಬೀನ ಕುಡಿದೇ ಇರೋಕೆ ಮನಸ್ಸು ಬರಲ್ಲ. ನೀವು ತರ್ತೀನಿ ಅಂತ ಹೋದ್ರೆ ದಾರೀಲಿ ಯಾವುದಾದ್ರೂ ತಕ್ಕಡಿ ಸಿಕ್ಕಿಬಿಡುತ್ತೆ."

ಸದ್ಯಕ್ಕೆ ನಾನು ಗೆದ್ದಿದ್ದೇನೆ. ಒಂದು ಡಬ್ಬಿ ಬಿಡಿಯಾಗಿ ತಂದಿದ್ದೇನೆ. ಮುಚ್ಚಿದ ಈಜುಕೊಳದಿಂದ ಬಂದ ಆ ಮುಳ್ಳಿನ ತೂಕದ ಯಂತ್ರ ನೆನಪಿದೆಯಾ, ತಟ್ಟೆಯಗಲದ ಮುಖದ್ದು, ಚಿಕ್ಕವಳಿದ್ದಾಗ ನೀನು ಹತ್ತಿ ಕುಣಿಯುತ್ತಿದ್ದದ್ದು? ಅದನ್ನು ಮನೆಗೆ ತಂದು ಕಿಟಕಿಯ ಕೆಳಗೆ ಇಟ್ಟಿದ್ದೇನೆ. ಪ್ರತಿ ಭಾನುವಾರ ಅವಳು ಹತ್ತಬೇಕು, ಮುಳ್ಳು ಏರಬೇಕು. ಮೈಗೆ ಬಲ ಬಂದರೆ ಮತ್ತೆ ಪ್ರೆಸ್ಸಿಗೆ ಹೋಗುತ್ತಾಳಂತೆ. ಈಗ ಕಾಗದದ ಕಟ್ಟು ಎತ್ತಲಾಗದೆ ಮನೆಯಲ್ಲಿ ಕೂತಿದ್ದಾಳೆ.

ಒಳ್ಳೆಯ ನಿದ್ದೆ, ಒಳ್ಳೆಯ ಹಸಿವು, ಹೇಳಿದ್ದು ಕೇಳುವ ಮೇಲಧಿಕಾರಿ, ಇವು ಮೂರೂ ನಿನಗೆ ಸಿಗಲಿ.

ಇಂತಿ,
ನಿನ್ನ ತಕ್ಕಡಿ ಮಾವ

ತಾ.ಕ.: ಮೊನ್ನೆ ಅವಳು ಬಲ್ಬು ಬದಲಿಸಲು ಸ್ಟೂಲು ಹತ್ತಿದವಳು ತಲೆ ತಿರುಗುತ್ತಿದೆ ಎಂದಳು. ಎತ್ತಿ ಕೆಳಗಿಳಿಸಿದೆ. ವಸ್ತು ಕೈಗೆ ಬಂದ ಕೂಡಲೇ ಅದರ ತೂಕ ಹೇಳುವವನು ನಾನು. ಅದಕ್ಕಾಗಿ ಪಂದ್ಯ ಕಟ್ಟಿ ಗೆದ್ದವನು. ಆವತ್ತು ಯಾರೂ ಪಂದ್ಯ ಕಟ್ಟಿರಲಿಲ್ಲ, ಆದರೂ ಕೈ ತಾನಾಗಿ ಹೇಳಿಬಿಟ್ಟಿತು. ಅವಳು ಅಷ್ಟು ಹಗುರಾಗಿರಬಾರದಿತ್ತು.


ಮೇ ೩, ಶನಿವಾರ
ಅಂಗಡಿಯಿಂದ

ಪ್ರೀತಿಯ ಬೆಂಕಿಪೊಟ್ಟಣಕ್ಕೆ,

ಆಶೀರ್ವಾದ. ನಿನ್ನ ಎರಡು ಕಾಗದಕ್ಕೆ ನನ್ನದು ಒಂದೇ ಉತ್ತರ ಎಂದು ಹೊತ್ತಿ ಉರಿಯಬೇಡ. ಈ ಸಲದ ಕಾಗದದಲ್ಲಿ ಎರಡಕ್ಕೆ ಸಾಲುವಷ್ಟು ಸರಕಿದೆ. ಓದಿದ ಮೇಲೆ ನಿನ್ನಮ್ಮನಿಗೆ ತೋರಿಸಬೇಡ, ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮೊದಲ ಭಾನುವಾರ ಅತ್ತೆ ಯಂತ್ರ ಹತ್ತಿದಳು. ಎರಡನೆಯ ಭಾನುವಾರ ಹತ್ತಿದಳು, ಮುಳ್ಳು ಕೆಳಗಿಳಿದಿತ್ತು. ಇನ್ನೂ ಪುಡಿ ಮೈಗೆ ಹತ್ತಬೇಕಲ್ಲ ಎಂದೆ. ಮುಂದಿನ ವಾರ ಇನ್ನೂ ಇಳಿಯಿತು. ಅವಳು ಇಳಿದು ಬಂದು ಊಟಕ್ಕೆ ಕೂತು, ತಟ್ಟೆಯಲ್ಲಿದ್ದದ್ದನ್ನು ಆ ಬದಿಯಿಂದ ಈ ಬದಿಗೆ ತಳ್ಳಿ ಎದ್ದುಬಿಟ್ಟಳು. ಮಾರನೆಯ ದಿನವೂ ಹಾಗೆಯೇ. "ಕುಡಿದು ಏನು ಬಂತು" ಎಂದು ಪುಡಿಯ ಲೋಟವನ್ನು ಸಿಂಕಿಗೆ ಸುರಿದಳು. ತೂಕ ಇಳಿದದ್ದು ಕಾಯಿಲೆಯಿಂದಲೋ ಏನೋ, ಆದರೆ ಊಟ ಬಿಟ್ಟದ್ದು ಮಾತ್ರ ಖಂಡಿತ ಆ ಮುಳ್ಳಿನಿಂದ.

ಹಾಗಾಗಿ ಮುಳ್ಳಿಗೇ ಬುದ್ಧಿ ಕಲಿಸಿದೆ.

ಇದನ್ನು ನಿನ್ನೊಬ್ಬಳಿಗೇ ಹೇಳುತ್ತಿದ್ದೇನೆ, ಯಾಕೆಂದರೆ ಇಷ್ಟು ನಾಜೂಕಾದ ಕೆಲಸವನ್ನು ಯಾರಿಗೂ ಹೇಳದೆ ಇರುವುದು ನನ್ನಿಂದಾಗದು. ಎಳಸು ಕೈಯವನಾಗಿದ್ದರೆ ಸೊನ್ನೆಯನ್ನು ಅಲುಗಿಸುತ್ತಿದ್ದ. ಖಾಲಿ ಇದ್ದಾಗಲೇ ಮುಳ್ಳು ಸೊನ್ನೆ ಬಿಟ್ಟು ನಿಂತಿರುತ್ತದೆ, ಕಳ್ಳತನ ಕಣ್ಣಿಗೆ ಬೀಳುತ್ತದೆ. ನಾನು ಒಳಗಿನ ಸ್ಪ್ರಿಂಗಿನ ಹಿಡಿತವನ್ನು ಕೂದಲಿನಷ್ಟು ಸಡಿಲಿಸಿದೆ. ಖಾಲಿ ಇದ್ದಾಗ ಸೊನ್ನೆ ಸೊನ್ನೆಯೇ. ಭಾರ ಬಿದ್ದಾಗ ಮಾತ್ರ ಮುಳ್ಳು ಸ್ವಲ್ಪ ಧಾರಾಳವಾಗಿ ಕೈ ಬೀಸುತ್ತದೆ. ಅಂಗಡಿಯವರು ಇಂಥದ್ದೊಂದು ತಿರುವಿಗಾಗಿ ನನ್ನ ಕಾಲು ಹಿಡಿದಿದ್ದಾರೆ, ಸಿಹಿ ಮಾತಾಡಿದ್ದಾರೆ, ಬೆದರಿಕೆಯನ್ನೂ ಹಾಕಿದ್ದಾರೆ. ಒಬ್ಬನಿಗೂ ಮಾಡಿಕೊಟ್ಟಿರಲಿಲ್ಲ. ಮೊದಲ ಸಲ ಮಾಡಿದ್ದು ಹೆಂಡತಿಗೆ.

ಆ ಭಾನುವಾರ ನೀನಿರಬೇಕಿತ್ತು. ಹತ್ತಿದವಳು ಇಳಿಯಲೇ ಇಲ್ಲ. "ರೀ, ಬನ್ನಿ ಇಲ್ಲಿ. ನಾನು ಸರಿಯಾಗಿ ನೋಡ್ತಿದೀನಾ?" ಎಂದು ಕನ್ನಡಕ ಒರೆಸಿ ಮತ್ತೆ ನೋಡಿದಳು. ಆಮೇಲೆ ಎರಡು ಮೊಟ್ಟೆ ತಿಂದಳು. ಬೈಂಡಿಂಗ್ ಸೂಜಿಗಳನ್ನು ಹೊರತೆಗೆದು ಎಣ್ಣೆ ಸವರಿದಳು. ಸಂಜೆ ಮಹಡಿ ಮೇಲಿನ ಮನೆಯೊಡತಿಯನ್ನು ಕರೆದು ಡಬ್ಬಿ ತೋರಿಸಿ, ಅವಳನ್ನೂ ಯಂತ್ರದ ಮೇಲೆ ನಿಲ್ಲಿಸಿಬಿಟ್ಟಳು. ಆ ತಾಯಿ ಮುಳ್ಳು ನೋಡಿ ಮುಖ ಬಾಡಿಸಿಕೊಂಡು ಹೋದವಳು ಅವತ್ತಿನಿಂದ ರಾತ್ರಿಯೂಟ ಬಿಟ್ಟು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಬಾಡಿಗೆ ಕೇಳುವ ದನಿಯೂ ಸಣ್ಣಗಾಗಿದೆ. ಒಂದು ಕಲ್ಲಿಗೆ ಎರಡು ಹಕ್ಕಿ ಬಿದ್ದವು ಎಂದು ಮೀಸೆ ತಿರುವಿದೆ.

ಆದರೆ ಈಗ ತಿರುವಿಕೊಂಡಿರುವುದು ನನ್ನ ಕತ್ತು. ಹೇಗೆಂದು ಕೇಳು.

ನಮ್ಮ ಬೀದಿಯ ಡಾಕ್ಟರು ಅವಳನ್ನು ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ ಬಾಯೊಳಗಿಂದ ನಳಿಗೆ ಇಳಿಸಿ ಹೊಟ್ಟೆ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ನೀನೂ ಎರಡು ಕಾಗದದಲ್ಲೂ ಅದನ್ನೇ ಬರೆದಿದ್ದೀಯ. ಅತ್ತೆ ಏನನ್ನುತ್ತಾಳೆ ಗೊತ್ತಾ? "ತೂಕ ಬರ್ತಾ ಇದೆ. ಇನ್ನು ನಳಿಗೆ ಯಾಕೆ ನುಂಗ್ಬೇಕು? ಆ ಪುಡಿಗೇ ವರ್ಷದ ಚಂದಾ ಕಟ್ಟಿ, ಸಾಕು."

ನಾನು ಬಿಡಿ ಡಬ್ಬಿಯ ಗುಣಗಾನ ಮತ್ತೆ ಶುರು ಮಾಡಿದೆ. ಗಾಳಿ ಎಂದೆ, ಕರೆಯದ ನೆಂಟ ಎಂದೆ.

"ಅಲ್ಲ ರೀ, ಗುಣ ಆಗ್ತಿರೋ ಔಷಧೀನ ವರ್ಷಕ್ಕೆ ಬರೆಸಿ ಅಂದ್ರೆ ಯಾಕೆ ಹಿಂದೆ ಸರೀತೀರಿ? ನಾನು ದಪ್ಪ ಆಗೋದು ನಿಮಗಿಷ್ಟ ಇಲ್ವಾ?"

ಪುಡಿಯಿಂದ ಏನೂ ಆಗುತ್ತಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದು ಹೇಗೆ ಎಂದು ಹೇಳುವ ಹಾಗಿಲ್ಲ. ಚಂದಾ ಕಟ್ಟಿದೆನೋ, ಅವಳು ಆಸ್ಪತ್ರೆಯನ್ನು ಮರೆತಳು. ಕಟ್ಟದಿದ್ದರೆ ನಾನು ಹೆಂಡತಿಯ ಜೀವಕ್ಕೆ ಜಿಪುಣತನ ಮಾಡುವ ಗಂಡ. ಬೀದಿಯಲ್ಲೆಲ್ಲ ಮಾತಿನಮಲ್ಲ ಎನಿಸಿಕೊಂಡವನು ಈಗ ಮನೆಯಲ್ಲಿ ಗಂಟಲು ಸರಿಯಿಲ್ಲದವನ ಹಾಗೆ ಕೆಮ್ಮುತ್ತಾ ಓಡಾಡುತ್ತಿದ್ದೇನೆ.

ಆದ್ದರಿಂದ ನೀನು ಒಂದು ಉಪಕಾರ ಮಾಡು. ಅವಳಿಗೆ ಫೋನು ಮಾಡಿ ನಿನ್ನ ಮಾಮೂಲಿ ದನಿಯಲ್ಲಿ ಬಯ್ಯಿ. ನಿನ್ನ ಮಾತೆಂದರೆ ಅವಳಿಗೆ ಒಂದು ತೂಕ ಹೆಚ್ಚು. "ಆ ಹುಡುಗಿ ಸುಟ್ಟರೂ ಸರಿ, ಇದ್ದದ್ದು ಇದ್ದ ಹಾಗೆ ಹೇಳ್ತಾಳೆ" ಎನ್ನುತ್ತಾಳೆ. ಆಸ್ಪತ್ರೆಗೆ ಹೋಗದಿದ್ದರೆ ಚಂದಾ ಇಲ್ಲ ಎಂದುಬಿಡು. ಯಂತ್ರದ ವಿಷಯ ಮಾತ್ರ ಬಾಯಿ ಬಿಡಬೇಡ. ಅದನ್ನು ನಾನೇ ಸಮಯ ನೋಡಿ ಸರಿಮಾಡುತ್ತೇನೆ.

ಹೊಟ್ಟೆ ತುಂಬ ಊಟ ಮಾಡು. ಆಫೀಸಿನಲ್ಲಿ ಎಲ್ಲರ ಮೇಲೂ ಒಂದೇ ದಿನ ಕಿಡಿ ಹಾರಿಸಬೇಡ, ದಿನಕ್ಕೊಬ್ಬರಂತೆ ಹಂಚಿಕೋ.

ಇಂತಿ,
ನಿನ್ನ ತಕ್ಕಡಿ ಮಾವ

ತಾ.ಕ.: ಸ್ಪ್ರಿಂಗನ್ನು ಒಂದು ಸಲ ಸಡಿಲಿಸಿದರೆ ಸಾಕು ಎಂದುಕೊಂಡಿದ್ದೆ. ಅವಳು ಇಳಿಯುತ್ತಲೇ ಇದ್ದಾಳೆ. ಮುಳ್ಳು ಏರಿಸಲು ಪ್ರತಿ ಶನಿವಾರವೂ ತಿರುವಬೇಕು, ಹಿಂದಿನ ವಾರಕ್ಕಿಂತ ಜಾಸ್ತಿ ತಿರುವಬೇಕು. ಎಷ್ಟು ತಿರುವಿದೆ ಎನ್ನುವುದರಿಂದಲೇ ಅವಳು ಎಷ್ಟು ಇಳಿದಳೆಂದು ನನಗೆ ತಿಳಿಯುತ್ತದೆ. ಈ ಕಾಗದ ಮುಗಿಸಿ ಮನೆಗೆ ಹೋದ ಮೇಲೆ ಇವತ್ತಿನದು ಬಾಕಿ ಇದೆ.


ಜುಲೈ ೨೬, ಶನಿವಾರ
ಅಂಗಡಿಯಿಂದ

ಪ್ರೀತಿಯ ಬೆಂಕಿಪೊಟ್ಟಣಕ್ಕೆ,

ಆಶೀರ್ವಾದ. ಫೋನು ಮಾಡಿದಾಗಲೆಲ್ಲ ಅತ್ತೆ "ಚೆನ್ನಾಗಿದೀನಿ" ಎಂದು ನಿನಗೆ ಹೇಳಿ ಇಟ್ಟುಬಿಡುತ್ತಾಳೆ, ನಾನು ಹತ್ತಿರ ಬರುವುದರೊಳಗೆ ಕರೆ ಮುಗಿದಿರುತ್ತದೆ. ನಿಜವಾಗಿ ಏನಾಗಿದೆ ಎಂದು ನಿನಗೆ ಬರೆಯಲು ಇಷ್ಟು ದಿನ ಪೆನ್ನು ಹಿಡಿದು ಹಿಡಿದು ಕೆಳಗಿಟ್ಟೆ. ತಪ್ಪು ತಿಳಿಯಬೇಡ.

ನಿನ್ನ ಬೈಗುಳ ಕೆಲಸ ಮಾಡಿತು. "ಆಯ್ತು, ಆಸ್ಪತ್ರೆಗೆ ಬರ್ತೀನಿ. ಆ ಡಾಕ್ಟ್ರಿಗೆ ನನ್ನ ತೂಕ ತೋರಿಸ್ತೀನಿ. ಅವರೇ ಬೇಡ ಅಂದ್ರೆ ನೀವು ತೆಪ್ಪಗೆ ಚಂದಾ ಕಟ್ಟಬೇಕು" ಎಂದು ನನ್ನ ಹತ್ತಿರ ಮಾತು ತೆಗೆದುಕೊಂಡು ಹೊರಟಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗುಣವಾದ ಮೇಲೆ ಪ್ರೆಸ್ಸಿನಲ್ಲಿ ಮೊದಲು ಯಾವ ಪುಸ್ತಕ ಹೊಲಿಯಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಬಸ್ಸಿನಲ್ಲೇ ಹೇಳಿಬಿಡಬೇಕೆಂದುಕೊಂಡೆ. ಪ್ರತಿ ನಿಲ್ದಾಣದಲ್ಲೂ ಮುಂದಿನ ನಿಲ್ದಾಣ ಬರಲಿ ಎಂದುಕೊಂಡೆ. ನಿಲ್ದಾಣಗಳು ಮುಗಿದುಹೋದವು.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಹೊರಗೆ ಎಲ್ಲರನ್ನೂ ಸಾಲಾಗಿ ತೂಗುತ್ತಿದ್ದರು. ಕೆಂಪು ಅಂಕಿ ಬೀಳುವ ಯಂತ್ರ. ಅತ್ತೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ನಿಂತಳು. ನರ್ಸು ಅಂಕಿ ಬರೆದುಕೊಂಡಳು. ಅತ್ತೆ ಬಗ್ಗಿ ನೋಡಿದಳು.

"ಸಿಸ್ಟರ್, ನಿಮ್ಮ ಮಷೀನು ಕೆಟ್ಟಿದೆ."

"ಇಲ್ಲಮ್ಮ, ಬೆಳಗಿಂದ ಎಲ್ಲರೂ ಇದರ ಮೇಲೇ ನಿಂತಿದಾರೆ."

"ಹಾಗಿದ್ರೆ ಎಲ್ಲರಿಗೂ ಕಡಿಮೇನೇ ತೋರಿಸಿದೆ, ಪಾಪ. ಮೊನ್ನೆ ಭಾನುವಾರ ತಾನೇ ನೋಡಿದೀನಿ ನಾನು. ನಮ್ಮ ಯಜಮಾನ್ರು ತಕ್ಕಡಿ ರಿಪೇರಿಯೋರು ಸಿಸ್ಟರ್. ಪೇಟೆ ಅಂಗಡಿಗಳಿಗೆಲ್ಲ ಇವರೇ. ಒಬ್ಬ ವ್ಯಾಪಾರಿಗೂ ಒಂದು ಗ್ರಾಂ ಆಚೀಚೆ ಮಾಡಿಕೊಟ್ಟೋರಲ್ಲ. ರೀ, ಬನ್ನಿ ಇಲ್ಲಿ, ಸ್ವಲ್ಪ ನೋಡಿ ಇದನ್ನ."

ಸಾಲಿನಲ್ಲಿದ್ದ ಒಬ್ಬ ಮುದುಕ, "ನೋಡಿ ಸ್ವಾಮಿ, ಹಾಗೇ ನನಗೂ ಒಂದೆರಡು ಕಿಲೋ ಸೇರಿಸಿ" ಎಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಅವಳ ಮುಖದಲ್ಲಿ ನನ್ನ ಬಗ್ಗೆ ಇದ್ದ ಹೆಮ್ಮೆಯನ್ನು ನೋಡಬೇಕಿತ್ತು ನೀನು. ಇಷ್ಟು ವರ್ಷ ನಾನು ಬಡಾಯಿ ಕೊಚ್ಚುವಾಗ ಪಕ್ಕದಲ್ಲಿ ಕೂತು ಮೂಗು ಮುರಿದವಳು, ನಾಲ್ಕು ಜನರ ಎದುರಿಗೆ ನನ್ನ ಪರವಾಗಿ ತಾನೇ ಕೊಚ್ಚಿಕೊಂಡದ್ದು ಅದೇ ಮೊದಲು.

ನಾನು ಮಂಡಿಯೂರಿ ಕೂತೆ. ಯಂತ್ರದ ಕಾಲುಗಳು ನೆಲಕ್ಕೆ ಸರಿಯಾಗಿ ಕೂತಿವೆಯೋ ನೋಡಿದೆ. ಚೀಲದಲ್ಲಿ ಯಾವಾಗಲೂ ಇರುವ ಸರ್ಕಾರಿ ಮುದ್ರೆಯ ಕಿಲೋ ತೂಕದ ಬಟ್ಟನ್ನು ತೆಗೆದು ಇಟ್ಟೆ. ಒಂದು ಕಿಲೋ ತೋರಿಸಿತು. ಮೂಲೆಗಳಿಗೆ ಸರಿಸಿ ನೋಡಿದೆ, ಅಲ್ಲೂ ಒಂದೇ. ಇಷ್ಟೆಲ್ಲ ನೋಡುವ ಅಗತ್ಯವೇನೂ ಇರಲಿಲ್ಲ. ಎದ್ದು ನಿಂತರೆ ಮಾತಾಡಬೇಕಾಗುತ್ತದಲ್ಲ, ಅದಕ್ಕೇ ಕೂತಿದ್ದೆ.

ಕೆಟ್ಟಿದೆ ಎಂದು ಹೇಳಿಬಿಡಬಹುದಿತ್ತು. ನರ್ಸು ನಂಬುತ್ತಿದ್ದಳು, ಸಾಲು ನಂಬುತ್ತಿತ್ತು, ಅವಳಂತೂ ನಂಬಿಯೇ ನಿಂತಿದ್ದಳು. ಆದರೆ ಒಳಗೆ ಕೂತ ಡಾಕ್ಟರಿಗೆ ಆ ಕೆಂಪು ಅಂಕಿ ಬೇಕಿತ್ತು.

"ಸರಿಯಾಗಿದೆ" ಎಂದೆ.

"ಸರಿಯಾಗಿ ನೋಡಿ ಅಂದ್ರೆ."

"ನೋಡಿದೆ ಕಣೇ. ಇದು ಸರಿಯಾಗಿದೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಯಂತ್ರ ನೋಡಿದಳು. ಮತ್ತೆ ನನ್ನನ್ನು ನೋಡಲಿಲ್ಲ. ಚಪ್ಪಲಿ ಹಾಕಿಕೊಂಡು, "ಬರ್ಕೊಂಡಿದ್ದು ಹಾಗೇ ಇರಲಿ ಸಿಸ್ಟರ್" ಎಂದು ಬೆಂಚಿನ ಮೇಲೆ ಹೋಗಿ ಕೂತಳು. ಜಗಳ ಆಡಲಿಲ್ಲ. ಅವಳು ಜಗಳ ಆಡಿದ್ದರೆ ಇವತ್ತು ಈ ಕಾಗದ ಬರೆಯುತ್ತಿರಲಿಲ್ಲ.

ನಳಿಗೆ ಇಳಿಸಿದರು. ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅವಳನ್ನು ಮತ್ತೆ ಮಲಗಿಸಿ ಬಾಟಲಿ ಏರಿಸುತ್ತಿದ್ದರು. ಡಾಕ್ಟರು ನನ್ನನ್ನು ಗಾಜಿನ ಬಾಗಿಲಿನಾಚೆ ಕರೆದರು. "ಗಾಬರಿ ಬೇಡ, ಇದು ಗುಣ ಆಗೋ ಕಾಯಿಲೆ. ಕರುಳು ಊಟದ ಸತ್ವ ಹೀರ್ಕೊಳ್ತಾ ಇಲ್ಲ. ಒಂದು ವರ್ಷ ಔಷಧಿ, ಪಥ್ಯ. ಜೊತೆಗೆ ನಾನು ಬರೆಯೋ ಪುಡಿ, ಮಾತ್ರೆ. ನಡುವೆ ಬಿಡಬಾರದು. ತಿಂಗಳಿಗೆ ಸರಿಯಾಗಿ ಮನೆಗೆ ಬರೋ ಹಾಗೆ ವರ್ಷಕ್ಕೇ ಬರೆಸಿಬಿಡಿ" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ನಾನು ಅಲ್ಲೇ ಜೋರಾಗಿ ನಕ್ಕುಬಿಟ್ಟೆ. ಅಳಬೇಕಾದದ್ದು ನಗುವಾಗಿ ಬಂತು. ತಿರುಗಿ ನೋಡಿದರೆ ಗಾಜಿನ ಆಚೆಯಿಂದ ಅವಳು ನನ್ನನ್ನೇ ನೋಡುತ್ತಿದ್ದಳು.

ಒಳಗೆ ಹೋಗಿ ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದಕ್ಕೆ ಒಂದಕ್ಷರ ಸೇರಿಸಲಿಲ್ಲ. ಜೀವನದಲ್ಲೇ ಮೊದಲ ಸಲ ಬಣ್ಣ ಹಚ್ಚದೆ ಮಾತಾಡಿದೆ. ಅವಳು ಕೇಳಿಸಿಕೊಂಡು, ಬಾಟಲಿಯ ಹನಿ ನೋಡುತ್ತಾ ಕೇಳಿದಳು:

"ಒಂದು ವರ್ಷ ಅಂದ್ರಾ?"

"ಹೌದು. ವರ್ಷದಲ್ಲಿ ಪೂರ್ತಿ ಗುಣ."

"ಮನೆ ಮಷೀನಲ್ಲಿ ಎಷ್ಟು ಕಿಲೋ ಸೇರಿಸಿದ್ರಿ?"

ಹೇಳಿದೆ. ತಲೆಯಾಡಿಸಿದಳು. "ಪರವಾಗಿಲ್ಲ ಬಿಡಿ" ಎಂದಳು.

ಡಾಕ್ಟರನ್ನೇ ಕರೆತರುತ್ತೇನೆ, ನೀನೇ ಕೇಳು ಎಂದೆ. "ಹೊರಗೆ ಅಷ್ಟೊತ್ತು ಮಾತಾಡಿದ್ರಲ್ಲ. ನೀವು ಮಾತಾಡಿದ್ರೆ ಯಾರು ತಾನೇ ಒಪ್ಪಲ್ಲ" ಎಂದಳು. ಆದರೂ ಕರೆದುಕೊಂಡು ಬಂದೆ. ಡಾಕ್ಟರು ಹೇಳಿದ್ದನ್ನೇ ಮತ್ತೆ ಹೇಳಿದರು. ಅವಳು ಕೈಮುಗಿದು, "ತುಂಬ ಉಪಕಾರ ಆಯ್ತು ಸಾರ್" ಎಂದಳು. ಅವರು ಹೋದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಈಗ ಮನೆಯಲ್ಲಿದ್ದೇವೆ. ಮೊನ್ನೆ ಪ್ರೆಸ್ಸಿನ ಯಜಮಾನ ಹಣ್ಣು ಹಿಡಿದುಕೊಂಡು ಬಂದಿದ್ದ. "ನಿಮ್ಮ ಜಾಗ ಹಾಗೇ ಇಟ್ಟಿದೀನಿ ಅಕ್ಕ, ಯಾವಾಗ ಬರ್ತೀರಿ?" ಎಂದ. ಅವಳು ಎದ್ದು ಹೋಗಿ, ಎಣ್ಣೆ ಸವರಿ ಇಟ್ಟಿದ್ದ ಸೂಜಿಗಳ ಪೊಟ್ಟಣ ತಂದು ಅವನ ಕೈಗಿಟ್ಟಳು. "ಹೊಸಬಳನ್ನ ಸೇರಿಸ್ಕೋಪ್ಪ. ದಪ್ಪ ಪುಸ್ತಕಕ್ಕೆ ಈ ಉದ್ದದ ಸೂಜೀನೇ ಬಳಸೋಕೆ ಹೇಳು, ಇಲ್ಲದಿದ್ರೆ ಹಾಳೆ ಹರಿಯುತ್ತೆ." ಅವನು ನನ್ನ ಮುಖ ನೋಡಿದ. ನಾನು ವರ್ಷದಲ್ಲಿ ಬರುತ್ತಾಳೆ ಎಂದೆ. ಅವನೂ ನನ್ನನ್ನು ನಂಬಲಿಲ್ಲ, ಅವಳ ಮುಖವನ್ನು ನಂಬಿದ.

ಡಾಕ್ಟರು ಬರೆದ ಪುಡಿ, ಮಾತ್ರೆಗೆ ಚಂದಾ ಕಟ್ಟೋಣ ಎಂದು ಅವಳ ಪಕ್ಕದಲ್ಲೇ ಕೂತು ಫೋನು ತೆರೆದೆ. ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಎಂದು ಸಾಲಾಗಿ ಬಂತು. ನಾನು ವರ್ಷದ ಮೇಲೆ ಬೆರಳು ಇಡುವಷ್ಟರಲ್ಲಿ ಅವಳು ಫೋನನ್ನು ಮೆಲ್ಲಗೆ ತೆಗೆದುಕೊಂಡಳು. "ವರ್ಷದ್ದೆಲ್ಲ ಯಾಕೆ? ಒಂದು ಡಬ್ಬಿ ತನ್ನಿ, ಸಾಕು. ಮುಗಿದ್ಮೇಲೆ ನೋಡೋಣ." ಚಂದಾ ಚಂದಾ ಎಂದು ಬೇಸಿಗೆಯೆಲ್ಲ ನನ್ನ ಜೊತೆ ವಾದ ಮಾಡಿದವಳು. ಬಿಡಿ ಡಬ್ಬಿಯವನು ನಾನು. ಆವತ್ತು ನಾನು ವರ್ಷಕ್ಕಾಗಿ ಎಷ್ಟು ಗೋಗರೆದೆನೆಂದರೆ ಮಹಡಿಯವಳು ಇಳಿದು ಬಂದು ಏನಾಯಿತೆಂದು ಕೇಳಿದಳು.

ಔಷಧಿ ಕುಡಿಯುತ್ತಾಳೆ, ಆದರೆ ನನ್ನ ಮನಸ್ಸಿಗೆ ನೋವಾಗಬಾರದೆಂದು ಕುಡಿಯುತ್ತಾಳೆ. ನಾನು ಅಂಗಡಿಗೆ ಬಂದ ಮೇಲೆ ಎಷ್ಟೋ ದಿನ ಕುಡಿಯುವುದೂ ಇಲ್ಲ. ಮಾತ್ರೆಯ ಹಾಳೆ ನೋಡಿದರೆ ತಿಳಿಯುತ್ತದೆ. ನಡುವೆ ಬಿಟ್ಟರೆ ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಗುಣವಾಗುವ ಕಾಯಿಲೆಯಿಂದ ಅವಳು ನನ್ನ ಕಣ್ಣೆದುರಿಗೇ ಹೋಗಿಬಿಡುತ್ತಾಳೆ, ನಾನು ಹೇಳಿದ್ದನ್ನು ನಂಬಲಿಲ್ಲ ಎನ್ನುವ ಒಂದೇ ಕಾರಣಕ್ಕೆ.

ಆದ್ದರಿಂದ ನೀನು ರಜೆ ಹಾಕಿ ಬಾ. ಬಂದವಳು ಮೊದಲು ನಮ್ಮ ಮನೆಗೆ ಬರಬೇಡ, ನೇರ ಆಸ್ಪತ್ರೆಗೆ ಹೋಗು. ಡಾಕ್ಟರ ಹತ್ತಿರ ನೀನೊಬ್ಬಳೇ ಮಾತಾಡು, ರಿಪೋರ್ಟು ನೀನೇ ಓದು. ಆಮೇಲೆ ಬಂದು ಅವಳೆದುರಿಗೆ ಕೂತು, ಸುಡುವುದಾದರೂ ಸರಿ, ಇದ್ದದ್ದು ಇದ್ದ ಹಾಗೆ ಹೇಳು. ನಾನು ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ಇದ್ದರೆ ನಾನೇ ಹೇಳಿಕೊಟ್ಟೆ ಎನ್ನುತ್ತಾಳೆ.

ನಿನಗೆ ಒಳ್ಳೆಯದಾಗಲಿ. ನಿನ್ನ ಮಾತು ಹೀಗೇ ಚುರುಕಾಗಿರಲಿ. ಅದನ್ನು ಯಾರ ಸಲುವಾಗಿಯೂ ಸಿಹಿ ಮಾಡಬೇಡ.

ಇಂತಿ,
ನಿನ್ನ ಮಾವ

ತಾ.ಕ.: ನಿನ್ನೆ ಸಂಜೆ ಅವಳು ನನ್ನ ಕೈ ಹಿಡಿದು, "ನಿಜ ಹೇಳಿ, ಎಷ್ಟು ದಿನ ಅಂದ್ರು? ನಾನು ಹೆದರಲ್ಲ" ಎಂದಳು. ಗುಣವಾಗುತ್ತೆ ಕಣೇ ಎಂದೆ. "ಆಯ್ತು, ನೀವು ಹೆದರಬೇಡಿ" ಎಂದು ನನ್ನ ಬೆನ್ನು ಸವರಿದಳು. ಸಾಯುತ್ತೇನೆಂದುಕೊಂಡವಳು ನನಗೆ ಸಮಾಧಾನ ಮಾಡುತ್ತಿದ್ದಳು. ಆಗಿನಿಂದ ನನಗೆ ಆ ಡಾಕ್ಟರ ಕೈ ನೆನಪಾಗುತ್ತಿದೆ. ಹೆಗಲ ಮೇಲೆ ಯಾಕೆ ಇಟ್ಟರು? ಮುದಿ ಗಂಡ ಹೆದರಿ ನಿಂತಿದ್ದಾನೆ, ಇವನು ನಾಲ್ಕು ದಿನ ಊಟ ಮಾಡಲಿ ಎಂದು ಅವರೂ ನನಗಾಗಿ ಒಂದು ತಿರುವು ತಿರುವಿರಬಹುದೇ? ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಇವತ್ತು ಬೆಳಿಗ್ಗೆ ಅವಳಿಗೆ ಹೇಳದೆ, ವರ್ಷಕ್ಕೇ ಬರೆಸಿಬಿಡಬೇಕೆಂದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು, "ಎಷ್ಟು ತಿಂಗಳಿಗೆ ಬರೀಲಿ ಮಾವ?" ಎಂದು ಪೆನ್ನು ಹಿಡಿದು ನಿಂತ. ಬಹಳ ಹೊತ್ತು ನಿಂತಿದ್ದ. ನಾನು ಒಂದು ಡಬ್ಬಿ ತೆಗೆದುಕೊಂಡು ಬಂದೆ.